‘ಯಾರ್ದು ಹಾಕಿದ್ರಪ್ಪಾ?’ ‘ನಂದೇ ದೊಡ್ಡಮ್ಮ!’

ಟ್ರಾನ್ಸ್‌ಪ್ಲಾಂಟ್ ಆಗಿದೆ ಅಂದ ಕೂಡಲೇ ಜನ ನನ್ನ ಹೊಟ್ಟೆ, ಬೆನ್ನು ನೋಡ್ತಾರೆ, ಹೊಲಿಗೆ ಎಲ್ಲಿದೆ ಅಂತ. ಎಲ್ಲೂ ಇಲ್ಲ. ದೊಡ್ಡಬಳ್ಳಾಪುರದಿಂದ ನೋಡೋಕೆ ಬಂದ ದೊಡ್ಡಮ್ಮ ಕೇಳಿದ್ದು, ‘ಯಾರ್ದು ಹಾಕಿದ್ರಪ್ಪಾ?’ ‘ನಂದೇ ದೊಡ್ಡಮ್ಮ’ ಅಂದೆ. ‘ನಿಂದೇ ನಿಂಗೆ ಹಾಕೋಕೆ ಇಷ್ಟೊಂದು ದುಡ್ಡಾ?’ ಅಂದ್ರು. ನ್ಯಾಯವಾದ ಪ್ರಶ್ನೆ. ಈ ಸಲದ ಅಂಕಣ ಅದಕ್ಕೇ ಉತ್ತರ.

ನನ್ನದು ಹಾಡ್ಜ್‌ಕಿನ್ ಲಿಂಫೋಮಾ. ಮೊದಲ ಕೀಮೋಗೆ ಹೋಗಿತ್ತು, ವರ್ಷ ತುಂಬುವಷ್ಟರಲ್ಲಿ ವಾಪಸ್ ಬಂತು. ಹಾಗೆ ಮರಳಿದ ಕಾಯಿಲೆಗೆ ತುಂಬಾ ಜೋರು ಡೋಸ್ ಬೇಕು. ಅಷ್ಟು ಕೊಟ್ಟರೆ ಕ್ಯಾನ್ಸರ್ ಜೊತೆಗೆ ರಕ್ತ ತಯಾರಾಗುವ ಮೂಳೆಮಜ್ಜೆಯೂ ನಾಶವಾಗುತ್ತೆ. ಅದಕ್ಕೇ ಸ್ಟೆಮ್ ಸೆಲ್‌ಗಳನ್ನು ಮೊದಲೇ ತೆಗೆದಿಟ್ಟು, ಕೀಮೋ ಮುಗಿದ ಮೇಲೆ ವಾಪಸ್ ಹಾಕ್ತಾರೆ. ನಮ್ಮ ಆಫೀಸ್ ಭಾಷೆಯಲ್ಲಿ ಬ್ಯಾಕಪ್, ಫಾರ್ಮ್ಯಾಟ್, ರಿಸ್ಟೋರ್. ಕ್ಯಾನ್ಸರನ್ನು ಕೊಲ್ಲೋದು ಕೀಮೋ. ಆಮೇಲೆ ನಮ್ಮನ್ನು ಉಳಿಸೋದು ಸ್ಟೆಮ್ ಸೆಲ್.

ಮೊದಲು ಐದು ದಿನ ಇಂಜೆಕ್ಷನ್. ಮಜ್ಜೆಯಲ್ಲಿರೋ ಸೆಲ್‌ಗಳು ರಕ್ತಕ್ಕೆ ಇಳಿಯಲಿ ಅಂತ. ಸೊಂಟದ ಮೂಳೆ ಒಳಗಿಂದ ಒಡೆದ ಹಾಗೆ ನೋವು. ಆಮೇಲೆ ಡಯಾಲಿಸಿಸ್ ಯಂತ್ರದಂಥ ಒಂದು ಯಂತ್ರ ಗಂಟೆಗಟ್ಟಲೆ ರಕ್ತ ಸುತ್ತಿಸಿ ಸೆಲ್ ಬೇರ್ಪಡಿಸುತ್ತೆ. ದೇಹತೂಕದ ಒಂದೊಂದು ಕೆಜಿಗೆ ಕನಿಷ್ಠ 20 ಲಕ್ಷ ಸೆಲ್ ಸಿಗಬೇಕು. ಅವು ದ್ರವ ಸಾರಜನಕದ ಚಳಿಯಲ್ಲಿ ಕಾಯ್ತಿರುತ್ತವೆ, ನಾವು ವಾರ್ಡಿನಲ್ಲಿ ಆರು ದಿನ ಕೀಮೋ ತಗೋತೀವಿ.

ಸೆಲ್ ವಾಪಸ್ ಹಾಕೋ ದಿನಕ್ಕೆ ‘ಡೇ ಝೀರೋ’ ಅಂತಾರೆ. ಸಿನಿಮಾ ಥರ ಏನೂ ಇಲ್ಲ. ಡ್ರಿಪ್ ಹಾಕಿದ ಹಾಗೆ, ಅರ್ಧ ಗಂಟೆ. ಸೆಲ್ ಕೆಡದಿರಲಿ ಅಂತ ಬೆರೆಸಿದ ರಾಸಾಯನಿಕದಿಂದ ರೂಮೆಲ್ಲ ಬೆಳ್ಳುಳ್ಳಿ ವಾಸನೆ. ರಕ್ತದಲ್ಲಿ ಹೊರಟ ಸೆಲ್‌ಗಳು ಮಜ್ಜೆಯ ದಾರಿಯನ್ನು ತಾವೇ ಹುಡುಕಿಕೊಂಡು ಹೋಗ್ತವೆ.

ಕಷ್ಟ ಶುರುವಾಗೋದು ಆಮೇಲೆ. ಸಾವಿರಗಳಲ್ಲಿರಬೇಕಾದ ಬಿಳಿ ರಕ್ತಕಣ ನನಗೆ ಏಳನೇ ದಿನ ಬರೀ 100. ಬಾಯಿತುಂಬ ಹುಣ್ಣು, ಎಂಜಲು ನುಂಗೋಕೂ ಆಗಲ್ಲ. ಅಮ್ಮ ಮಾಸ್ಕ್ ಹಾಕ್ಕೊಂಡು ಮೂಲೆಯಲ್ಲಿ ಕೂತು ದಿನಾ ಒಂದೇ ಪ್ರಶ್ನೆ: ‘ಇವತ್ತೆಷ್ಟು ಬಂತು?’ ಹನ್ನೆರಡನೇ ದಿನ ನರ್ಸ್ ಚೀಟಿಯಲ್ಲಿ 600 ಅಂತ ಬರೆದು ತಂದಾಗ ಅಮ್ಮ ಏನೂ ಮಾತಾಡಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು.

ಪಕ್ಕದ ರೂಮಿನ ಹುಡುಗನಿಗೆ ಲ್ಯುಕೇಮಿಯಾ. ಅವನಿಗೆ ಬೇರೆಯವರದ್ದೇ ಬೇಕು. ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವನ ಅಕ್ಕನದು ಹೊಂದಲಿಲ್ಲ. ಇಂಥವರಿಗಾಗಿಯೇ ದಾನಿಗಳ ನೋಂದಣಿ ಇರೋದು. ಬೆಂಗಳೂರಿನಲ್ಲೇ ಡಿಕೆಎಂಎಸ್ ಇದೆ, ಚೆನ್ನೈ ಮೂಲದ ದಾತ್ರಿ ಇದೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಕೊಟ್ಟರೆ ಹೆಸರು ಸೇರುತ್ತೆ. ನಮ್ಮವರಿಗೆ ಹೊಂದುವ ದಾನಿ ಹೆಚ್ಚಾಗಿ ನಮ್ಮವರಲ್ಲೇ ಸಿಗೋದು. ಆದರೆ ಕ್ಯಾಂಪಿನಲ್ಲಿ ಸೆಲ್ಫಿ ತಗೊಂಡು, ಎರಡು ವರ್ಷ ಬಿಟ್ಟು ಫೋನ್ ಬಂದಾಗ ‘ಮನೇಲಿ ಬೇಡ ಅಂತಿದಾರೆ’ ಅನ್ನೋದಾದರೆ ದಯವಿಟ್ಟು ಹೆಸರೇ ಕೊಡಬೇಡಿ. ಆ ಕಡೆ ಒಬ್ಬರು ನಿಮ್ಮನ್ನೇ ನಂಬಿಕೊಂಡು ಕೂತಿರ್ತಾರೆ. ಹೆಚ್ಚಿನ ದಾನಿಗಳಿಗೆ ಆಪರೇಷನ್ ಇಲ್ಲ, ನನಗೆ ಮಾಡಿದ ಹಾಗೆ ತೋಳಿನ ರಕ್ತದಿಂದಲೇ ತೆಗೀತಾರೆ.

ಈಗ ರಾಜಾನುಕುಂಟೆಯ ಮನೆಯಲ್ಲಿದ್ದೀನಿ. ಸುತ್ತ ಲೇಔಟ್, ಅಪಾರ್ಟ್‌ಮೆಂಟ್ ಕೆಲಸ. ಧೂಳಿಗೆ ಕಿಟಕಿ ತೆಗೆಯೋ ಹಾಗಿಲ್ಲ. ಟ್ಯಾಂಕರ್ ನೀರು ಕುದಿಸಿಯೇ ಕುಡೀಬೇಕು. ಹೂವಿನ ಕುಂಡಗಳು ಟೆರೇಸಿಗೆ ಹೋದವು. ಬಾಲ್ಯದ ಲಸಿಕೆಗಳೂ ದೇಹಕ್ಕೆ ಮರೆತುಹೋಗಿರುತ್ತಂತೆ, ಕೆಲವು ತಿಂಗಳಾದ ಮೇಲೆ ಮತ್ತೆ ಮೊದಲಿಂದ ಶುರು. ಮೂವತ್ತರ ವಯಸ್ಸಿಗೆ ಪೋಲಿಯೋ ಇಂಜೆಕ್ಷನ್!

ನಿಮ್ಮ ಗೆಳೆಯರಿಗೆ ಯಾರಿಗಾದರೂ ಇದು ಬಂದರೆ ಮೂರು ಮಾತು. ಹೂಗುಚ್ಛ ತರಬೇಡಿ, ವಾರ್ಡಿಗೆ ಬಿಡಲ್ಲ, ಪ್ಲೇಟ್‌ಲೆಟ್ ಕೊಡಿ. ಸುಮಾರು ಐದು ದಿನಕ್ಕಿಂತ ಹೆಚ್ಚು ಅದನ್ನು ಇಡೋಕಾಗಲ್ಲ, ಹಾಗಾಗಿ ಒಂದೇ ದಿನ ಹತ್ತು ಜನ ಹೋಗೋ ಬದಲು ಸರದಿ ಮಾಡ್ಕೊಳ್ಳಿ. ಎರಡನೇದು, ಮುಂದೆ ಮಕ್ಕಳು ಬೇಕು ಅನ್ನೋ ಆಸೆ ಇದ್ದರೆ ಕೀಮೋಗೆ ಮೊದಲೇ ವೀರ್ಯ ಅಥವಾ ಅಂಡಾಣು ಇಡಿಸೋ ವಿಚಾರ ಡಾಕ್ಟರ್ ಹತ್ತಿರ ಮಾತಾಡಲಿ. ನಾಚಿಕೆ ಬೇಡ. ಮೂರನೇದು ಇನ್ಶುರೆನ್ಸ್. ರಕ್ತದ ಕಾಯಿಲೆಗೆ ಮಾಡೋ ಈ ಟ್ರಾನ್ಸ್‌ಪ್ಲಾಂಟನ್ನು ಪಾಲಿಸಿಯಿಂದ ಹೊರಗಿಡೋ ಹಾಗಿಲ್ಲ ಅಂತ ಐಆರ್‌ಡಿಎಐ 2019ರಲ್ಲೇ ಹೇಳಿದೆ, ಆದರೆ ಮಿತಿ ಹಾಕಬಹುದು. ಆ ಮಿತಿ ಎಷ್ಟು ಅಂತ ಆರೋಗ್ಯವಾಗಿರುವಾಗಲೇ ಓದಿಕೊಳ್ಳಿ.

ನನಗೆ ಇವತ್ತು ಡೇ 94. ನೂರಕ್ಕೆ ಸ್ಕ್ಯಾನ್. ರಿಸಲ್ಟ್ ಏನೇ ಬರಲಿ, ಮುಂದಿನ ಸಲ ಬರೀತೀನಿ.