ಉಪಚುನಾವಣೆಯ ಗೆಲುವು ಎಷ್ಟು ಕಾಲ?

2019ರ ಡಿಸೆಂಬರ್‌ನಲ್ಲಿ ರಾಜ್ಯದ 15 ವಿಧಾನಸಭಾ ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ ಬಿಜೆಪಿ 12ರಲ್ಲಿ ಗೆದ್ದು ಯಡಿಯೂರಪ್ಪ ಸರ್ಕಾರವನ್ನು ಭದ್ರಪಡಿಸಿಕೊಂಡಿತು. ಆ ಅಲೆಗೂ ಸಿಗದೆ ಉಳಿದ ಮೂರರಲ್ಲಿ ಒಂದು ಹೊಸಕೋಟೆ. ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿದ್ದ ಎಂ.ಟಿ.ಬಿ. ನಾಗರಾಜ್ ಅವರನ್ನು ಅಲ್ಲಿ ಸೋಲಿಸಿದವರು ಪಕ್ಷೇತರರಾಗಿ ನಿಂತ ಶರತ್ ಬಚ್ಚೇಗೌಡ. ಅವರ ತಂದೆ ಆಗ ಬಿಜೆಪಿಯದೇ ಸಂಸದ!

2023ರ ಸಾರ್ವತ್ರಿಕ ಚುನಾವಣೆಯಲ್ಲಿ ಆ 12 ಕ್ಷೇತ್ರಗಳ ಪೈಕಿ ಬಿಜೆಪಿಗೆ ಉಳಿದದ್ದು ಗೋಕಾಕ, ಯಲ್ಲಾಪುರ, ಕೆ.ಆರ್. ಪುರ, ಯಶವಂತಪುರ, ಮಹಾಲಕ್ಷ್ಮಿ ಲೇಔಟ್ ಮಾತ್ರ. ಇವುಗಳಲ್ಲೂ ಯಲ್ಲಾಪುರ ಮತ್ತು ಯಶವಂತಪುರದ ಶಾಸಕರನ್ನು ಪಕ್ಷವೇ 2025ರಲ್ಲಿ ಉಚ್ಚಾಟಿಸಿತು. ಐದೂ ಕಡೆ ಗೆದ್ದವರು 2018ರಲ್ಲಿ ಬೇರೆ ಪಕ್ಷದಿಂದ ಆಯ್ಕೆಯಾಗಿದ್ದವರೇ. ಮತ ಪಕ್ಷಕ್ಕಿಂತ ವ್ಯಕ್ತಿಯ ಬೆನ್ನಿಗಿತ್ತು ಎನ್ನಲು ಇಷ್ಟು ಸಾಕು. ಉಪಚುನಾವಣೆಯಲ್ಲಿ ಮಂತ್ರಿಗಿರಿಯ ಭರವಸೆ, ಆಡಳಿತ ಪಕ್ಷದ ಶಾಸಕನಿದ್ದರೆ ಅನುದಾನ ಬರುತ್ತದೆಂಬ ಲೆಕ್ಕಾಚಾರ ಕೆಲಸ ಮಾಡುತ್ತವೆ. ಸಾರ್ವತ್ರಿಕ ಚುನಾವಣೆಯಲ್ಲಿ ಸರ್ಕಾರವೇ ಪರೀಕ್ಷೆಗೆ ಕೂರುತ್ತದೆ.

ಹೊಸಕೋಟೆ ಇರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ 2023ರಲ್ಲಿ ಆ ಕ್ಷೇತ್ರದ ಜೊತೆಗೆ ದೇವನಹಳ್ಳಿ, ನೆಲಮಂಗಲ ಕಾಂಗ್ರೆಸ್ ಪಾಲಾದವು. ಹೊಸಕೋಟೆಯಲ್ಲಿ ಮತ್ತೆ ಗೆದ್ದ ಶರತ್, ಈ ಬಾರಿ ಕಾಂಗ್ರೆಸ್ ಅಭ್ಯರ್ಥಿ. ರಾಜ್ಯದಲ್ಲಿ ಬಿಜೆಪಿ 66ಕ್ಕೆ ಇಳಿದ ಅದೇ ವರ್ಷ ಜಿಲ್ಲೆಯಲ್ಲಿ ದೊಡ್ಡಬಳ್ಳಾಪುರ ಮಾತ್ರ ಕಾಂಗ್ರೆಸ್ ಕೈತಪ್ಪಿ ಬಿಜೆಪಿಗೆ ಹೋಯಿತು.