ಗೀಟು ಹೊಡೆದವನಿಗೇ ದಂಡವೇ?

ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗಳು ನಮ್ಮ ಮಕ್ಕಳಿಗೆ ಹೊಸವಲ್ಲ. ಆದರೆ ತಪ್ಪು ಬರೆದದ್ದು ಅರಿವಾಗಿ ತಾನೇ ಅದಕ್ಕೆ ಗೀಟು ಹೊಡೆದವನ ಅಂಕ ಕಳೆದು, ಹಾಗೆಯೇ ಬಿಟ್ಟು ಎದ್ದುಹೋದವನಿಗೆ ಪೂರ್ತಿ ಅಂಕ ಕೊಟ್ಟರೆ? ಉನ್ನತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ಅಂಥದೊಂದು ದಾರಿಗೆ ಹೊರಳುವ ಲಕ್ಷಣ ಕಾಣುತ್ತಿದೆ. ಜರ್ನಲ್‌ಗಳು ಹಿಂಪಡೆದ ಪ್ರಬಂಧಗಳಿಗಾಗಿ ಸಂಸ್ಥೆಗಳ ಅಂಕ ಕಡಿತ ಮಾಡುವ ಪದ್ಧತಿ 2025ರಲ್ಲಿ ಮೊದಲ ಬಾರಿಗೆ ಬಂದಿದೆ. ಉದ್ದೇಶ ಒಳ್ಳೆಯದೇ. ಆದರೆ ಈ ಪದ್ಧತಿ ಬೇರು ಬಿಡುವ ಮೊದಲೇ ಒಂದು ಎಚ್ಚರಿಕೆ ಹೇಳಬೇಕಾಗಿದೆ.

ಕಡಿತಕ್ಕೆ ಕಾರಣಗಳಿದ್ದವು. 2023ರಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಪ್ರಬಂಧಗಳು ರಿಟ್ರಾಕ್ಟ್ ಆದವು, ಅಂದರೆ ಹಿಂಪಡೆಯಲ್ಪಟ್ಟವು. ಅವುಗಳಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದ ಜರ್ನಲ್‌ಗಳವು. ಇದರ ಹಿಂದೆ ಇದ್ದದ್ದು ‘ಪೇಪರ್ ಮಿಲ್’ ದಂಧೆ: ದುಡ್ಡು ಕೊಟ್ಟರೆ ಲೇಖಕರ ಸಾಲಿನಲ್ಲಿ ಹೆಸರು. ಕದ್ದ ವಾಕ್ಯ ಸಿಕ್ಕಿಬೀಳದಿರಲೆಂದು ಸಾಫ್ಟ್‌ವೇರ್‌ನಿಂದ ಪದಗಳನ್ನು ಬದಲಿಸಿ ಕಳಿಸುವುದೂ ಉಂಟು. ಹಾಗೆ ‘ಬ್ರೆಸ್ಟ್ ಕ್ಯಾನ್ಸರ್’ ಎಂಬುದು ‘ಬುಸಮ್ ಪೆರಿಲ್’ ಆಯಿತು, ಅಂದರೆ ಎದೆಯ ಗಂಡಾಂತರ! ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂಬುದು ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’, ಖೋಟಾ ಪ್ರಜ್ಞೆ! ಪರಿಶೀಲಕರ ಕಣ್ಣು ತಪ್ಪಿಸಿ ಇವು ಅಚ್ಚೂ ಆದವು. ‘ಸ್ಕೋಪಸ್ ಪೇಪರ್ ಎಷ್ಟಾಯ್ತು ಸರ್?’ ಎಂದು ಜರ್ನಲ್‌ಗಳ ಸೂಚಿಯೊಂದರ ಹೆಸರು ಹಿಡಿದು ಕೇಳುವುದೇ ಸ್ಟಾಫ್ ರೂಮಿನ ಕುಶಲಪ್ರಶ್ನೆಯಾಗಿರುವ ನಮ್ಮಲ್ಲಿ ಈ ದಂಧೆಗೆ ಗಿರಾಕಿಗಳ ಬರವಿಲ್ಲ. ಅವರಿಗೆ ದಂಡ ಬೀಳಲೇಬೇಕು.

ತೊಡಕಿರುವುದು ಬೇರೆ ಕಡೆ. ವಂಚನೆಗೂ ಪ್ರಾಮಾಣಿಕ ತಪ್ಪಿಗೂ ಜರ್ನಲ್ ಹಾಕುವ ಮುದ್ರೆ ಒಂದೇ. ಎರಡರಲ್ಲೂ ಪ್ರಬಂಧವನ್ನು ಅಳಿಸುವುದಿಲ್ಲ. ಪ್ರತಿ ಪುಟದ ಮೇಲೂ ‘ರಿಟ್ರಾಕ್ಟೆಡ್’ ಎಂದು ಅಡ್ಡಲಾಗಿ ಬರೆದು ಉಳಿಸುತ್ತಾರೆ, ಜೊತೆಗೆ ಕಾರಣ ಹೇಳುವ ಒಂದು ಪ್ರಕಟಣೆ. 2018ರ ರಸಾಯನಶಾಸ್ತ್ರ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ 2020ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಿಂದ ತಮ್ಮ ತಂಡದ ಪ್ರಬಂಧವನ್ನು ಹಿಂಪಡೆದರು. ಪ್ರಯೋಗ ಮತ್ತೆ ಮಾಡಿದರೆ ಅದೇ ಫಲಿತಾಂಶ ಬರಲಿಲ್ಲ. ಲ್ಯಾಬ್ ನೋಟ್‌ಬುಕ್ ತೆರೆದು ನೋಡಿದರೆ ಮುಖ್ಯ ಪ್ರಯೋಗಗಳ ದಾಖಲೆಗಳೇ ಇರಲಿಲ್ಲ. ತಾವು ಸರಿಯಾಗಿ ಗಮನ ಕೊಡಲಿಲ್ಲವೆಂದು ಅವರು ಬಹಿರಂಗವಾಗಿಯೇ ಕ್ಷಮೆ ಕೇಳಿದರು. ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಿಂದ ಬ್ಯಾಕ್ಟೀರಿಯಾಗಳ ಆರ್‌ಎನ್‌ಎ ಬಗ್ಗೆ 2020ರಲ್ಲಿ ಹೊರಬಂದ ಪ್ರಬಂಧದ ಚಿತ್ರಗಳ ಮೇಲೆ ಅನುಮಾನ ಎದ್ದಾಗ, ಒಂದು ವರ್ಷ ತುಂಬುವ ಮೊದಲೇ ಅದನ್ನು ಹಿಂಪಡೆಯಲಾಯಿತು. ಲೆಕ್ಕ ಮಾತ್ರ ನೋಡುವ ರ‍್ಯಾಂಕಿಂಗ್‌ಗೆ ತಾವೇ ಒಪ್ಪಿಕೊಂಡ ತಪ್ಪೂ ‘ಒಂದು’, ಅನುಮಾನ ಎದ್ದೊಡನೆ ಹಿಂಪಡೆದದ್ದೂ ‘ಒಂದು’, ಎದೆಯ ಗಂಡಾಂತರವೂ ‘ಒಂದು’.

ತಪ್ಪು ಪ್ರಬಂಧ ಹಿಂದೆ ಬರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಆಸ್ಪತ್ರೆಯ ಐಸಿಯುನಲ್ಲಿದೆ. ತೀವ್ರವಾಗಿ ಅಸ್ವಸ್ಥರಾದವರಿಗೆ ರಕ್ತದ ಪ್ರಮಾಣ ಕಾಪಾಡಲು ಪಿಷ್ಟದಿಂದ ತಯಾರಿಸಿದ ಒಂದು ದ್ರಾವಣವನ್ನು ಡ್ರಿಪ್ ಮೂಲಕ ಕೊಡುತ್ತಿದ್ದರು. ಅದು ಸುರಕ್ಷಿತ ಎನ್ನುವುದಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಜರ್ಮನಿಯ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್ ಅವರವೂ ಇದ್ದವು. ಅವರ ಹತ್ತಾರು ಪ್ರಬಂಧಗಳನ್ನು ಜರ್ನಲ್‌ಗಳು ಹಿಂಪಡೆಯತೊಡಗಿದ್ದು 2011ರ ಹೊತ್ತಿಗೆ. 2013ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಬಂದ ವಿಶ್ಲೇಷಣೆ ಬೋಲ್ಟ್ ಅವರ ಏಳು ಪ್ರಯೋಗಗಳನ್ನು ಬಿಟ್ಟು ಉಳಿದವನ್ನು ಕೂಡಿ ನೋಡಿತು. ಆಗ ಆ ದ್ರಾವಣ ಪಡೆದವರಲ್ಲಿ ಸಾವು, ಮೂತ್ರಪಿಂಡದ ಹಾನಿ ಎರಡೂ ಹೆಚ್ಚಿರುವುದು ಕಂಡಿತು. ಅಷ್ಟು ವರ್ಷ ಆ ಹಾನಿಯನ್ನು ಮರೆಮಾಡುವುದರಲ್ಲಿ ಹಿಂದೆ ಬರದೆ ಉಳಿದಿದ್ದ ಪ್ರಬಂಧಗಳ ಪಾಲೂ ಇತ್ತು.

ಹಿಂಪಡೆದ ಪ್ರತಿ ಪ್ರಬಂಧಕ್ಕೂ ರ‍್ಯಾಂಕ್ ಇಳಿಯುವುದಾದರೆ ಸಂಸ್ಥೆಗಳು ಮೊದಲು ಕಲಿಯುವುದು ತಪ್ಪು ಮಾಡದಿರುವುದನ್ನಲ್ಲ, ತಪ್ಪು ಹೊರಬಾರದಂತೆ ನೋಡಿಕೊಳ್ಳುವುದನ್ನು. ಸಂಪಾದಕರ ಪತ್ರಕ್ಕೆ ಉತ್ತರ ಹೋಗುವುದಿಲ್ಲ. ವಿಚಾರಣಾ ಸಮಿತಿಯ ಸಭೆ ಮುಂದೆ ಮುಂದೆ ಹೋಗುತ್ತದೆ. ಹಿಂಪಡೆಯಬೇಕಾದ ಕಡೆ ಒಂದು ಸಣ್ಣ ‘ತಿದ್ದುಪಡಿ’ ಹಾಕಿ ಕೈತೊಳೆದುಕೊಳ್ಳುತ್ತಾರೆ. ಮುಂದೆ ಪಟ್ಟಿಯಲ್ಲಿ ರಿಟ್ರಾಕ್ಷನ್ ಸಂಖ್ಯೆ ಇಳಿದರೆ ಅದನ್ನು ಶುದ್ಧಿಯ ಗುರುತೆಂದು ಸಂಭ್ರಮಿಸುವ ಮೊದಲು ಇದನ್ನು ನೆನಪಿಡಬೇಕು.

ದಾರಿ ಕಷ್ಟದ್ದೇನಲ್ಲ. ರಿಟ್ರಾಕ್ಷನ್ ಇರುವುದು ಜ್ಞಾನದ ದಾಖಲೆ ತಿದ್ದುವುದಕ್ಕೆ, ಲೇಖಕರನ್ನು ದಂಡಿಸುವುದಕ್ಕಲ್ಲ ಎಂದು ಸಂಪಾದಕರ ಅಂತರರಾಷ್ಟ್ರೀಯ ನೀತಿ ಸಮಿತಿ ‘ಕೋಪ್’ನ ಮಾರ್ಗಸೂಚಿಯೇ ಹೇಳುತ್ತದೆ. ಹಿಂಪಡೆದ ಪ್ರಬಂಧಗಳ ಜಾಡು ಹಿಡಿಯುವ ‘ರಿಟ್ರಾಕ್ಷನ್ ವಾಚ್’ನ ದತ್ತಾಂಶ 2023ರಿಂದ ಎಲ್ಲರಿಗೂ ಮುಕ್ತವಾಗಿದ್ದು, ಪ್ರತಿ ಪ್ರಕರಣದ ಎದುರು ಕಾರಣವೂ ನಮೂದಾಗಿದೆ. ವಂಚನೆಗೆ ಅಂಕ ಕಳೆಯಿರಿ. ಲೇಖಕರೇ ಮುಂದೆ ಬಂದು ಒಪ್ಪಿಕೊಂಡ ತಪ್ಪನ್ನು ಆ ಲೆಕ್ಕದಿಂದ ಹೊರಗಿಡಿ. ದೂರು ಬಂದ ಮೇಲೆ ಸಂಸ್ಥೆ ಎಷ್ಟು ದಿನದಲ್ಲಿ ವಿಚಾರಣೆ ಮುಗಿಸಿತು, ವರದಿ ಬಹಿರಂಗಪಡಿಸಿತೇ ಎಂಬುದಕ್ಕೂ ಅಂಕವಿರಲಿ. ಜೊತೆಗೆ ಪೇಪರ್‌ಗಳ ಎಣಿಕೆಗೆ ಕೊಡುವ ತೂಕ ತಗ್ಗಿಸಿ. ಮಿಲ್‌ಗಳಿಗೆ ಕಾಳು ಒದಗಿಸುತ್ತಿರುವುದು ಆ ಎಣಿಕೆಯೇ.

ನಾಳೆ ನಮ್ಮದೇ ಒಂದು ವಿಶ್ವವಿದ್ಯಾಲಯದ ಪಿಎಚ್‌ಡಿ ವಿದ್ಯಾರ್ಥಿನಿ ಹಳೆಯ ನೋಟ್‌ಬುಕ್ ತಿರುವಿ ಹಾಕುವಾಗ, ಅಚ್ಚಾದ ಗ್ರಾಫಿಗೂ ಅಲ್ಲಿರುವ ಅಂಕಿಗೂ ತಾಳೆಯಾಗದೆ ನಿಲ್ಲಬಹುದು. ಅವಳು ಗೈಡ್ ಬಾಗಿಲು ತಟ್ಟುತ್ತಾಳೆ. ‘ಜರ್ನಲ್‌ಗೆ ಬರೆಯೋಣ, ಕೂತ್ಕೋ’ ಎನ್ನುತ್ತಾರೋ, ‘ಈಗ ರ‍್ಯಾಂಕಿಂಗ್ ಟೈಮು, ಸುಮ್ನಿರಮ್ಮ’ ಎನ್ನುತ್ತಾರೋ ಎಂಬುದನ್ನು ನಾವು ಇಂದು ಬರೆಯುತ್ತಿರುವ ನಿಯಮವೇ ತೀರ್ಮಾನಿಸಲಿದೆ.