ಓಡುವಾಗ ಬಿದ್ದರೆ ಸೋಡಾ ಸಾಲದು

ಸ್ಪೋರ್ಟ್ಸ್ ಡೇಗಳಲ್ಲಿ ಇದನ್ನ ನೀವೂ ನೋಡಿರ್ತೀರಿ. ರೇಸ್ ಮಧ್ಯೆ ಯಾರೋ ಕುಸಿದು ಬೀಳ್ತಾರೆ. ಒಬ್ಬ ಮುಖಕ್ಕೆ ನೀರು ಚಿಮುಕಿಸ್ತಾನೆ, ಇನ್ನೊಬ್ಬ ಕೈಗೆ ಬೀಗದ ಕೀ ಹಿಡಿಸ್ತಾನೆ, "ತಿಂಡಿ ತಿಂದಿಲ್ಲ ಅನ್ಸುತ್ತೆ" ಅಂತ ಹಿಂದಿನಿಂದ ಒಂದು ಮಾತು. ಎದ್ದು ಕೂತರೆ ಒಂದು ಸೋಡಾ. ಅಲ್ಲಿಗೆ ಮುಗೀತು.

ಅಲ್ಲಿಗೇ ಮುಗಿಸಬಾರದು ಅನ್ನೋದು ನನ್ನ ವಾದ.

ಬಿಸಿಲು, ಹಸಿವಿಗೆ ತಲೆ ಸುತ್ತೋದು ಉಂಟು. ಆದರೆ ಓಡ್ತಾ ಇರುವಾಗಲೇ ಪ್ರಜ್ಞೆ ತಪ್ಪಿದರೆ ಅದು ಹೃದಯ ಕೊಡ್ತಿರೋ ಎಚ್ಚರಿಕೆ ಇರಬಹುದು.

2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಜನ ಗಾಬರಿಯಿಂದ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ಎಲ್ಲರ ಬಾಯಲ್ಲೂ ಕೊಬ್ಬು, ಬ್ಲಾಕೇಜ್ ಮಾತು. ನಮ್ಮ ವಯಸ್ಸಿನವರಲ್ಲಿ ಕಾರಣ ಎಷ್ಟೋ ಸಲ ಬೇರೆಯೇ. ಹೃದಯದ ಸ್ನಾಯು ದಪ್ಪವಾಗೋ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಬಡಿತದ ಲಯ ಕೆಡಿಸೋ ಲಾಂಗ್ ಕ್ಯೂಟಿ, ಇವು ಸಾಮಾನ್ಯವಾಗಿ ವಂಶದಲ್ಲಿ ಬರೋವು. ನೋಡೋಕೆ ಗಟ್ಟಿಮುಟ್ಟಾಗಿರೋ ಹುಡುಗ ಹುಡುಗಿಯರಲ್ಲೂ ಇರಬಹುದು.

ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯೋ ಕ್ರೀಡಾಪಟುಗಳಿಗೆ ಇಸಿಜಿ ಸೇರಿದ ತಪಾಸಣೆ ಕಡ್ಡಾಯ. ಆಮೇಲಿನ ಎರಡು ದಶಕಗಳಲ್ಲಿ ಅಲ್ಲಿನ ವೆನೆಟೊ ಪ್ರಾಂತ್ಯದ ಯುವ ಕ್ರೀಡಾಪಟುಗಳಲ್ಲಿ ಇಂಥ ಸಾವು ಶೇ. 89ರಷ್ಟು ಇಳಿಯಿತು. ನಮ್ಮಲ್ಲಿ ಎಲ್ಲರಿಗೂ ಇಸಿಜಿ ನಾಳೆಯೇ ಆಗಲ್ಲ, ಒಪ್ಪೋಣ. ಆದರೆ ಸ್ಪೋರ್ಟ್ಸ್ ಫಾರ್ಮ್‌ನಲ್ಲಿ ಮೂರು ಪ್ರಶ್ನೆ ಸೇರಿಸೋಕೆ ಏನು ಖರ್ಚು?

▪️ ಓಡುವಾಗ, ಆಡುವಾಗ ಪ್ರಜ್ಞೆ ತಪ್ಪಿದ್ದಿದೆಯಾ?
▪️ ಆಗ ಎದೆನೋವು ಅಥವಾ ವಿಪರೀತ ಎದೆಬಡಿತ ಬಂದಿದೆಯಾ?
▪️ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ?

ಒಂದಕ್ಕೆ "ಹೌದು" ಅಂದರೂ ಮೊದಲು ಡಾಕ್ಟರ್, ಆಮೇಲೆ ಟ್ರ್ಯಾಕ್.

ಇಷ್ಟಾದರೂ ಎಲ್ಲ ಪತ್ತೆಯಾಗಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಪಂದ್ಯದ ಮಧ್ಯೆಯೇ ಬಿದ್ದರು, ಹೃದಯ ನಿಂತಿತ್ತು. ಮೈದಾನದಲ್ಲೇ ಸಿಪಿಆರ್, ಶಾಕ್ ಕೊಟ್ಟರು. ಬದುಕಿದರು, 2024ರ ಯುರೋ ಕಪ್‌ನಲ್ಲಿ ಗೋಲೂ ಹೊಡೆದರು. ದೊಡ್ಡ ವೈದ್ಯರ ತಂಡ ಅಲ್ಲಿತ್ತು, ನಿಜ. ಆದರೆ ಮೊದಲ ನಿಮಿಷಗಳ ಕೆಲಸ ಕಲಿತರೆ ನಾವೂ ಮಾಡಬಹುದು.

ಕರೆದರೆ ಓ ಅನ್ನಲ್ಲ, ಉಸಿರು ಇಲ್ಲ ಅಥವಾ ಸರಿಯಾಗಿಲ್ಲ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಎದೆಯ ಮಧ್ಯೆ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಕೈಕಾಲು ಅದುರಿತು ಅಂತ ಫಿಟ್ಸ್ ಅಂದ್ಕೊಂಡು ಕೀ ಹುಡುಕಬೇಡಿ. ಸಿಪಿಆರ್ ಇಲ್ಲದೆ ಶಾಕ್ ತಡವಾದರೆ, ಪ್ರತಿ ನಿಮಿಷಕ್ಕೂ ಬದುಕೋ ಅವಕಾಶ ಶೇ. 7ರಿಂದ 10 ಕಡಿಮೆಯಾಗುತ್ತೆ.

ಶಾಕ್ ಕೊಡೋ ಮೆಷಿನ್ ಎಇಡಿ. ಹೇಗೆ ಬಳಸಬೇಕು ಅಂತ ತಾನೇ ಮಾತಾಡಿ ಹೇಳುತ್ತೆ. ಬೆಲೆ ಒಂದು ಲಕ್ಷ ಅಂತಲೇ ಇಟ್ಕೊಳ್ಳಿ. ಸಾವಿರ ಜನ ಓದೋ ಕಾಲೇಜಿನಲ್ಲಿ ತಲೆಗೆ ನೂರು ರೂಪಾಯಿ. ಫೀ ರಸೀದಿಯಲ್ಲಿ "ಸ್ಪೋರ್ಟ್ಸ್ ಫೀ" ಅಂತ ಒಂದು ಸಾಲು ಈಗಾಗಲೇ ಇದ್ದರೆ ಅದರ ಲೆಕ್ಕ ಕೇಳೋದು ತಪ್ಪಲ್ಲ.

ಟ್ರೋಫಿ, ಶಾಮಿಯಾನಾ, ಸೌಂಡ್ ಸಿಸ್ಟಮ್‌ಗೆ ಬಜೆಟ್ ಇದೆ ಅಂದಮೇಲೆ ಓಡೋರ ಜೀವಕ್ಕೂ ಇರಬೇಕು. ಈ ಸಲದ ಸ್ಪೋರ್ಟ್ಸ್ ಮೀಟಿಂಗ್‌ನಲ್ಲಿ ಎದ್ದು ನಿಂತು ಕೇಳಿ: "ಸರ್, ನಮ್ಮ ಕಾಲೇಜಲ್ಲಿ ಎಇಡಿ ಎಲ್ಲಿದೆ? ಸಿಪಿಆರ್ ಯಾರಿಗೆ ಬರುತ್ತೆ?" ಏನು ಉತ್ತರ ಬಂತು ಅಂತ ಕಾಮೆಂಟಲ್ಲಿ ಬರೀರಿ.

#ಸಿಪಿಆರ್_ಕಲಿಯೋಣ #ಕಾಲೇಜು_ಮಾತು